ಬಿಸಿ ಬಯಸುವ ಸೂಕ್ಷ್ಮಜೀವಿಗಳು

ಮಾಗಿಯ ಬೆಳಗಿನಲ್ಲಿ ಹೊಳೆನರಸೀಪುರದ ಕಡೆ ಯಾವ ಹಳ್ಳಿಗೆ ಹೋದರೂ ಇದನ್ನು ನೋಡಬಹುದು. ವಾರದ ಹಿಂದಷ್ಟೇ ಹಸಿ ಸಗಣಿ, ಗಂಜಲದಲ್ಲಿ ನೆಂದ ಹುಲ್ಲು, ಕೊಟ್ಟಿಗೆಯ ಕಸ ಸುರಿದ ತಿಪ್ಪೆಯನ್ನು ಗುದ್ದಲಿಯಲ್ಲಿ ಒಂದಿಷ್ಟು ಕೆದಕಿದರೆ ಒಳಗಿನಿಂದ ಹಬೆ ಏಳುತ್ತದೆ. ಸುತ್ತಲ ಗರಿಕೆಯ ಮೇಲೆ ಇಬ್ಬನಿ ಇನ್ನೂ ಆರಿರುವುದಿಲ್ಲ. ಹಾರೆಯನ್ನು ಎರಡು ಮೊಳ ಆಳಕ್ಕೆ ಚುಚ್ಚಿ, ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬಿಟ್ಟು ಎಳೆದರೆ ಕಬ್ಬಿಣದ ತುದಿ ಅಂಗೈಯಲ್ಲಿ ಹಿಡಿಯಲಾಗದಷ್ಟು ಕಾದಿರುತ್ತದೆ. ಗೊಬ್ಬರ ಕಾವೇರಿದೆ ಎನ್ನುತ್ತಾರೆ ರೈತರು, ಇಲ್ಲವೇ ಬೇಯುತ್ತಿದೆ ಎನ್ನುತ್ತಾರೆ. ಕೆಳಗೆ ಒಲೆಯಿಲ್ಲ, ಮೇಲೆ ಬಿಸಿಲೂ ಇಲ್ಲ. ಬೇಯಿಸುತ್ತಿರುವವರು ಕಣ್ಣಿಗೆ ಕಾಣದ ಜೀವಿಗಳು. ತಾವು ಉಂಡ ಊಟದಿಂದಲೇ ತಮ್ಮ ಮನೆಯನ್ನು ಕಾಯಿಸಿಕೊಂಡು, ಆ ಬಿಸಿಯಲ್ಲೇ ಸುಖವಾಗಿ ಬಾಳುವ ಪಂಗಡ ಅವುಗಳದು.

ಈ ಪಂಗಡಕ್ಕೆ ಉಷ್ಣಪ್ರಿಯ ಸೂಕ್ಷ್ಮಜೀವಿಗಳೆಂದು ಹೆಸರು. ವಿಜ್ಞಾನಿಗಳು ಥರ್ಮೋಫೈಲ್ ಎಂದು ಕರೆಯುತ್ತಾರೆ. ಸಾಮಾನ್ಯ ಬ್ಯಾಕ್ಟೀರಿಯಾಗಳಿಗೆ 20ರಿಂದ 45 ಡಿಗ್ರಿ ಸೆಲ್ಸಿಯಸ್ ಹಿತ. ಉಷ್ಣಪ್ರಿಯಗಳ ಸಂಸಾರ ಶುರುವಾಗುವುದೇ ಆ 45ರ ಆಚೆಗೆ. 80 ಡಿಗ್ರಿ ದಾಟಿದ ಮೇಲೆ ಚೆನ್ನಾಗಿ ಬೆಳೆಯುವವನ್ನು ಅತ್ಯುಷ್ಣಪ್ರಿಯಗಳೆಂದು ಬೇರೆ ಎಣಿಸುತ್ತಾರೆ. ಇಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಬಿಸಿಯನ್ನು ತಾಳಿಕೊಳ್ಳುವುದು ಬೇರೆ, ಬಿಸಿಯೇ ಬೇಕೆನ್ನುವುದು ಬೇರೆ. ಹಾಲು ಕಾಯಿಸಿದಾಗ ಸಾಯದೆ ಉಳಿಯುವ ಎಷ್ಟೋ ಬ್ಯಾಕ್ಟೀರಿಯಾಗಳು ಬೀಜಕದ ಚಿಪ್ಪಿನೊಳಗೆ ಮುದುಡಿಕೊಂಡು ಕಷ್ಟಕಾಲ ಕಳೆಯುತ್ತವೆ, ಅಷ್ಟೆ. ಉಷ್ಣಪ್ರಿಯಗಳಿಗೆ ನಮ್ಮ ಕೋಣೆಯ ಹವೆಯೇ ಕಷ್ಟಕಾಲ. 30 ಡಿಗ್ರಿಯಲ್ಲಿ ಅವು ಮರಗಟ್ಟಿದಂತೆ ಬಿದ್ದಿರುತ್ತವೆ.

ಇವುಗಳಲ್ಲಿ ಮೂರು ಕುಲದವರಿದ್ದಾರೆ. ಮೊದಲನೆಯದು ಬ್ಯಾಕ್ಟೀರಿಯಾ. ಎರಡನೆಯದು ಆರ್ಕಿಯಾ, ನೋಟಕ್ಕೆ ಬ್ಯಾಕ್ಟೀರಿಯಾದಂತೆಯೇ ಇದ್ದರೂ ವಂಶವೇ ಬೇರೆ ಎಂದು ಅಮೆರಿಕದ ಕಾರ್ಲ್ ವೋಸ್ 1977ರಲ್ಲಿ ತೋರಿಸಿಕೊಟ್ಟ ಗುಂಪು. ಮೂರನೆಯದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಶಿಲೀಂಧ್ರಗಳ ಓಟ ಸುಮಾರು 60 ಡಿಗ್ರಿಗೆ ನಿಲ್ಲುತ್ತದೆ. ಕೋಶದೊಳಗೆ ಕೇಂದ್ರಬೀಜ ಇಟ್ಟುಕೊಂಡ ಯಾವ ಜೀವಿಯೂ ಅದಕ್ಕಿಂತ ಬಹಳ ಮೇಲೆ ಬಾಳಿದ್ದಿಲ್ಲ. ಅಲ್ಲಿಂದಾಚೆ ಬ್ಯಾಕ್ಟೀರಿಯಾದ ರಾಜ್ಯ, 95 ದಾಟಿದರೆ ಹೆಚ್ಚುಕಡಿಮೆ ಆರ್ಕಿಯಾಗಳದೇ.

ಡಿಗ್ರಿಯ ಲೆಕ್ಕ ಬರಿ ಅಂಕಿಯಾಗಿ ಉಳಿಯಬಾರದೆಂದರೆ ಹಾಸನ ಜಿಲ್ಲೆಯೊಳಗೇ ಅಳತೆಗೋಲು ಹುಡುಕಬಹುದು. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳಿವೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯಿದೆ. ಬ್ಯಾರನ್‌ನಲ್ಲಿ ಸೊಪ್ಪು ನೇತುಹಾಕಿ ಮೊದಲು ಹದವಾದ ಕಾವಿನಲ್ಲಿ ಹಳದಿ ಬರಿಸಿ, ಕಡೆಗೆ ನಡುದಂಟು ಒಣಗಲು 70 ಡಿಗ್ರಿಯ ತನಕ ಏರಿಸುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಕಾಲಿಟ್ಟವರು ಉಸಿರು ಕಟ್ಟಿ ಹೊರಗೆ ಬರುತ್ತಾರೆ. ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಅದೇ 70 ಡಿಗ್ರಿ ಹೇಳಿ ಮಾಡಿಸಿದ ಹವೆ. ಡೇರಿಯಲ್ಲಿ ಹಾಲನ್ನು ಪಾಶ್ಚರೀಕರಿಸುವುದು 72 ಡಿಗ್ರಿಯಲ್ಲಿ 15 ಸೆಕೆಂಡು. ಇನ್ನು ಮುದ್ದೆಗೆ ಇಟ್ಟ ಎಸರು. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100ಕ್ಕೆ ಕಾಯದೆ 97ಕ್ಕೇ ಕುದಿಯುತ್ತದೆ. ಪೈರೋಕಾಕಸ್ ಫ್ಯೂರಿಯೋಸಸ್ ಎಂಬ ಆರ್ಕಿಯಾಕ್ಕೆ ಬೇಕಾದ 100 ಡಿಗ್ರಿಯನ್ನು ಹಾಸನದ ತೆರೆದ ಪಾತ್ರೆಯಲ್ಲಿ ಎಷ್ಟು ಸೌದೆ ಉರಿಸಿದರೂ ಕೊಡಲಾಗುವುದಿಲ್ಲ! ಅದಕ್ಕೆ ಕುಕ್ಕರ್ ಬೇಕು. ಒಳಗೆ ಸುಮಾರು 120 ಡಿಗ್ರಿಯಾಗಿ ಕುಕ್ಕರ್ ಕೂಗುವ ಹೊತ್ತಿನಲ್ಲೂ ಮರಿ ಹಾಕುವ ಜೀವಿಯೊಂದಿದೆ. ಅದರ ಸುದ್ದಿ ಮುಂದೆ.

ಉಷ್ಣಪ್ರಿಯಗಳೆಂದರೆ ಮೊದಲು ನೆನಪಾಗುವುದು ಬಿಸಿನೀರಿನ ಬುಗ್ಗೆ. ಹಾಸನದಿಂದ ಶಿರಾಡಿ ಘಾಟಿ ಇಳಿದು ಪುತ್ತೂರಿಗೆ ಹೋದರೆ ಇರ್ದೆ ಗ್ರಾಮದಲ್ಲಿ ಬೆಂದ್ರು ತೀರ್ಥವಿದೆ. ಕರ್ನಾಟಕದವರಿಗೆ ಬಿಸಿನೀರಿನ ಬುಗ್ಗೆಯೆಂದರೆ ಇದೇ. ಚರ್ಮರೋಗ ವಾಸಿಯಾಗುತ್ತದೆಂದು ಮೀಯಲು ಬರುವವರೂ ಇದ್ದಾರೆ. ಆದರೆ ಅದರ ನೀರು 40 ಡಿಗ್ರಿಯ ಆಸುಪಾಸಿನಲ್ಲಿದೆ, ಅಂದರೆ ಎಣ್ಣೆಸ್ನಾನದ ಹದ. ಉಷ್ಣಪ್ರಿಯಗಳ ಪಾಲಿಗೆ ಅದು ತಣ್ಣೀರೇ. ನಿಜವಾದ ಬಿಸಿಗೆ ಕರಾವಳಿ ಹಿಡಿದು ಬಡಗಣಕ್ಕೆ, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಬುಗ್ಗೆಗಳಿಗೆ ಹೋಗಬೇಕು, ಇಲ್ಲವೇ ಹಿಮಾಚಲದ ಮಣಿಕರಣಕ್ಕೆ. ಮಣಿಕರಣದಲ್ಲಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಬುಗ್ಗೆಗೆ ಬಿಟ್ಟರೆ ಅನ್ನವಾಗಿ ಬರುತ್ತದೆ. ಹಾಗೆ ನೋಡಿದರೆ ಹಾಸನದವರ ಅತಿ ಸಮೀಪದ ಬಿಸಿಬುಗ್ಗೆ ಕೊಟ್ಟಿಗೆಯ ಹಿಂದಿನ ತಿಪ್ಪೆಯೇ. ಅದರ ಒಡಲು ಬೆಂದ್ರು ತೀರ್ಥಕ್ಕಿಂತ 20 ಡಿಗ್ರಿಗೂ ಹೆಚ್ಚು ಕಾಯುತ್ತದೆ.

ಬುಗ್ಗೆಗಳ ಕತೆಯನ್ನು ಬದಲಿಸಿದವರು ಅಮೆರಿಕದ ಥಾಮಸ್ ಬ್ರಾಕ್. 1960ರ ದಶಕದ ನಡುವಿನ ತನಕ ಪಾಠ ಹೀಗಿತ್ತು: ಸುಮಾರು 73 ಡಿಗ್ರಿ ದಾಟಿದರೆ ಬಿಸಿಲು ಉಣ್ಣುವ ಹಸಿರು ಸೂಕ್ಷ್ಮಜೀವಿಗಳು ನಿಲ್ಲುವುದಿಲ್ಲ, ಅಲ್ಲಿಗೆ ಜೀವದ ಗಡಿಯೂ ಮುಗಿಯಿತು. ಬ್ರಾಕ್ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ನೋಡಿದ್ದು ಬೇರೆಯೇ. 80 ಡಿಗ್ರಿಗಿಂತ ಬಿಸಿಯಾದ ನೀರಿನ ಹರಿವಿನಲ್ಲಿ ಗುಲಾಬಿ ಬಣ್ಣದ ಎಳೆಗಳು ಬಳುಕುತ್ತಿದ್ದವು, ಅವು ಜೀವಂತವಾಗಿದ್ದವು. 1966ರಲ್ಲಿ ಅವರೂ ಹಡ್ಸನ್ ಫ್ರೀಜ್ ಎಂಬ ಅವರ ವಿದ್ಯಾರ್ಥಿಯೂ ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯ ಮಾದರಿಯಿಂದ ಒಂದು ಹೊಸ ಬ್ಯಾಕ್ಟೀರಿಯಾ ಬೆಳೆಸಿದರು. 1969ರಲ್ಲಿ ಅದನ್ನು ಥರ್ಮಸ್ ಅಕ್ವಾಟಿಕಸ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಬ್ರಾಕ್ ಅಲ್ಲಿಗೆ ಬಿಡಲಿಲ್ಲ. ಇದರ ನೆಂಟರು ಮನೆಗಳ, ಲಾಂಡ್ರಿಗಳ ನೀರು ಕಾಯಿಸುವ ತೊಟ್ಟಿಗಳಲ್ಲೂ ಸಿಗುತ್ತಾರೆಂದು 1973ರಲ್ಲಿ ಬರೆದರು. ಸದಾ ಬಿಸಿಯಾಗಿರುವ ತೊಟ್ಟಿ ಸಿಕ್ಕರೆ ಸಾಕು, ಅದಕ್ಕೆ ಜ್ವಾಲಾಮುಖಿಯ ನೆರೆಯೇನೂ ಬೇಕಿಲ್ಲ. ಬೆಳಗ್ಗೆ ಕಾದು ಮಧ್ಯಾಹ್ನಕ್ಕೆ ಆರುವ ಬಚ್ಚಲ ಹಂಡೆ ಮಾತ್ರ ಆದೀತೆಂದು ಕಾಣುವುದಿಲ್ಲ.

ಫ್ರೀಜ್ ಬೆಳೆಸಿದ ಆ ಬ್ಯಾಕ್ಟೀರಿಯಾ ಹತ್ತಿಪ್ಪತ್ತು ವರ್ಷ ಸಂಗ್ರಹಾಲಯದ ಶೀಸೆಯಲ್ಲಿ ಸುಮ್ಮನಿತ್ತು. ಡಿಎನ್‌ಎ ನಕಲು ಮಾಡುವ ಅದರ ಕಿಣ್ವವನ್ನು 1976ರಲ್ಲಿ ಬೇರ್ಪಡಿಸಿದರು. ಥರ್ಮಸ್‌ನ ಮೊದಲಕ್ಷರ, ಅಕ್ವಾಟಿಕಸ್‌ನ ಮೊದಲೆರಡು ಅಕ್ಷರ ಕೂಡಿ ಅದು ಟ್ಯಾಕ್ ಆಯಿತು. 1983ರಲ್ಲಿ ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿಗೆ ಡಿಎನ್‌ಎ ತುಣುಕನ್ನು ಬೇಕಾದಷ್ಟು ನಕಲು ಮಾಡುವ ಪಿಸಿಆರ್ ವಿಧಾನ ಹೊಳೆಯಿತು. ಡಿಎನ್‌ಎಯನ್ನು 95 ಡಿಗ್ರಿಗೆ ಕಾಯಿಸಿ ಎರಡೂ ಎಳೆ ಬಿಡಿಸು, ತಣಿಸಿ ನಕಲು ಶುರುವಾಗಬೇಕಾದ ಕಡೆ ಪುಟ್ಟ ಡಿಎನ್‌ಎ ತುಂಡು ಅಂಟಿಸು, ಕಿಣ್ವದಿಂದ ನಕಲು ಮಾಡಿಸು, ಮತ್ತೆ ಕಾಯಿಸು. ಮೂವತ್ತು ಸುತ್ತಿಗೆ ಒಂದು ತುಣುಕು ನೂರು ಕೋಟಿ ಆಗುತ್ತದೆ. ತೊಡಕೆಂದರೆ ಮೊದಲು ಬಳಸುತ್ತಿದ್ದ ಕಿಣ್ವ ಕರುಳಿನ ಬ್ಯಾಕ್ಟೀರಿಯಾದ್ದು. ಪ್ರತಿ ಸಲ ಕಾಯಿಸಿದಾಗಲೂ ಅದು ಬೆಂದುಹೋಗುತ್ತಿತ್ತು. ಪ್ರತಿ ಸುತ್ತಿಗೂ ಮುಚ್ಚಳ ತೆರೆದು ಹೊಸದನ್ನು ಹಾಕಬೇಕಿತ್ತು. 1988ರ ಹೊತ್ತಿಗೆ ಟ್ಯಾಕ್ ಆ ಜಾಗಕ್ಕೆ ಬಂತು, ಕೆಲಸ ಯಂತ್ರಕ್ಕೆ ಒಪ್ಪಿತು. 1991ರಲ್ಲಿ ಪಿಸಿಆರ್ ಹಕ್ಕು 30 ಕೋಟಿ ಡಾಲರಿಗೆ ಮಾರಾಟವಾಯಿತು, 1993ರಲ್ಲಿ ಮುಲ್ಲಿಸ್‌ಗೆ ನೊಬೆಲ್ ಬಂತು. ಬುಗ್ಗೆಯಿದ್ದ ಉದ್ಯಾನಕ್ಕೆ ದಕ್ಕಿದ್ದು ಸೊನ್ನೆ. ಕೋವಿಡ್ ಕಾಲದಲ್ಲಿ ಹಾಸನದಲ್ಲೂ ಹೊಳೆನರಸೀಪುರದಲ್ಲೂ ಜನ ಸಾಲುಗಟ್ಟಿ ಮೂಗಿನ ದ್ರವ ಕೊಟ್ಟು ಆರ್‌ಟಿ-ಪಿಸಿಆರ್ ಫಲಿತಾಂಶಕ್ಕೆ ಕಾದರಲ್ಲ, ಆ ಪರೀಕ್ಷೆಯ ಒಳಗೆ ದುಡಿದದ್ದು ಟ್ಯಾಕ್ ಇಲ್ಲವೇ ಅದರ ತಿದ್ದಿದ ರೂಪವೇ.

ಕುದಿಬಿಂದುವಿನ ಆಚೆಗೂ ಜೀವವಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಡಲಲ್ಲಿ. 1979ರಲ್ಲಿ ಪೆಸಿಫಿಕ್ ಸಾಗರದ ತಳದಲ್ಲಿ ಸುಮಾರು 380 ಡಿಗ್ರಿಯ ಕಪ್ಪು ನೀರನ್ನು ಉಗುಳುವ ಕಲ್ಲಿನ ಚಿಮಣಿಗಳು ಕಂಡವು. ಮೇಲಿನ ನೀರಿನ ಭಾರಕ್ಕೆ ಅಲ್ಲಿ ನೀರು ಕುದಿಯುವುದಿಲ್ಲ. ಆ ಕಪ್ಪು ನೀರಿನಲ್ಲೇ ಯಾವುದೂ ಬದುಕದು. ಆದರೆ ಚಿಮಣಿಯ ಗೋಡೆಯ ಒಳಮೈ 380 ಇದ್ದರೆ ಹೊರಮೈ ತಣ್ಣಗಿನ ಕಡಲು, ಗೇಣಗಲದ ಆ ಗೋಡೆಯೊಳಗೆ ಬೇಕಾದ ಬಿಸಿಯನ್ನು ಆರಿಸಿಕೊಳ್ಳಬಹುದು. ಜರ್ಮನಿಯ ಕಾರ್ಲ್ ಸ್ಟೆಟರ್ 1982ರಲ್ಲಿ ಇಟಲಿಯ ವಲ್ಕಾನೋ ದ್ವೀಪದ ಕಡಲಂಚಿನಿಂದ 105 ಡಿಗ್ರಿ ಬಯಸುವ ಪೈರೋಡಿಕ್ಟಿಯಂ ತಂದರು. 1997ರಲ್ಲಿ 113 ಡಿಗ್ರಿಯ ಪೈರೋಲೋಬಸ್ ಬಂತು. 2003ರಲ್ಲಿ ಇನ್ನೊಂದು ಆರ್ಕಿಯಾ ಆಸ್ಪತ್ರೆಯ ಉಪಕರಣಗಳನ್ನು ಹಬೆಯಲ್ಲಿ ಬೇಯಿಸುವ ಆಟೋಕ್ಲೇವಿನ ಬಿಸಿಯಾದ 121 ಡಿಗ್ರಿಯಲ್ಲೇ ಸಂಖ್ಯೆ ಹೆಚ್ಚಿಸಿಕೊಂಡಿತು. ಈಗಿನ ದಾಖಲೆ 122 ಡಿಗ್ರಿ. 2008ರಲ್ಲಿ ಜಪಾನಿನ ಕೆನ್ ತಕಾಯ್ ತಂಡ ಮೆಥನೋಪೈರಸ್ ಕ್ಯಾಂಡ್ಲೆರಿ ಎಂಬ ಆರ್ಕಿಯಾವನ್ನು 200 ವಾಯುಮಂಡಲಗಳಷ್ಟು ಒತ್ತಡ ಹಾಕಿ ಬೆಳೆಸಿ ಅದನ್ನು ತೋರಿಸಿತು. ಅವರು ಬೆಳೆಸಿದ ತಳಿಯ ತವರು ದೂರದ್ದಲ್ಲ, ನಮ್ಮದೇ ಹಿಂದೂ ಮಹಾಸಾಗರದ ನಡುದಿಬ್ಬದ ಕೈರೇ ಎಂಬ ಬಿಸಿದ್ವಾರ. ಹಿಂದೆ ಹೇಳಿದ ಕುಕ್ಕರ್ ಜೀವಿ ಇದೇ.

ಮೊಟ್ಟೆಯ ಬಿಳಿ 60 ಡಿಗ್ರಿ ದಾಟುತ್ತಿದ್ದಂತೆ ಗಟ್ಟಿಯಾಗಲು ತೊಡಗುತ್ತದೆ. ಪ್ರೋಟೀನಿನ ಮಡಿಕೆ ಬಿಚ್ಚಿ ಒಂದಕ್ಕೊಂದು ಗಂಟಿಕ್ಕಿಕೊಳ್ಳುವುದೇ ಅದು, ಮತ್ತೆ ಹಿಂದಕ್ಕೆ ಬಾರದು. ಉಷ್ಣಪ್ರಿಯಗಳ ಪ್ರೋಟೀನೂ ಅದೇ ಇಪ್ಪತ್ತು ಅಮೈನೋ ಆಮ್ಲಗಳಿಂದ ಕಟ್ಟಿದ್ದು. ಹಾಗಾದರೆ ಅವೇಕೆ ಬೇಯುವುದಿಲ್ಲ? ಗುಟ್ಟು ಕಟ್ಟುವ ಬಗೆಯಲ್ಲಿದೆ. ಎತ್ತಿನ ಗಾಡಿಗೆ ಹುಲ್ಲು ಹೇರಿದವರಿಗೆ ಇದು ತಿಳಿದೀತು. ಹೊರೆ ಅದೇ, ಗಾಡಿ ಅದೇ. ಹಗ್ಗ ಸಡಿಲಿದ್ದರೆ ಮೊದಲ ಹಳ್ಳದಲ್ಲೇ ವಾಲುತ್ತದೆ, ನಾಲ್ಕು ಕಡೆ ಅಡ್ಡಹಗ್ಗ ಬಿಗಿದಿದ್ದರೆ ಊರು ಮುಟ್ಟುತ್ತದೆ. ಇವುಗಳ ಪ್ರೋಟೀನಿನಲ್ಲಿ ಧನ ಋಣ ವಿದ್ಯುತ್ತಿನ ಕೊಂಡಿಗಳು ಹೆಚ್ಚು, ಒಳಗಿನ ಪೊಳ್ಳು ಕಡಿಮೆ, ಹೊರಗೆ ಜೋತುಬಿದ್ದ ಕುಣಿಕೆಗಳೂ ಕಡಿಮೆ. ಬಿಗಿದದ್ದಕ್ಕೆ ಬೆಲೆಯೂ ಇದೆ. ಇಂಥ ಕಿಣ್ವ ತಣ್ಣಗಿದ್ದಾಗ ಸೆಟೆದುಕೊಂಡು ಕೆಲಸಕ್ಕೆ ಬಗ್ಗುವುದಿಲ್ಲ. ಅವಕ್ಕೆ ಬಿಸಿ ಬೇಕೇಬೇಕೆನಿಸುವುದು ಅದಕ್ಕೇ.

ಕೋಶದ ಪೊರೆಯದು ಇನ್ನೊಂದು ಜಾಣ್ಮೆ. ನಮ್ಮ ಪೊರೆ ಎರಡು ಪದರದ ಕೊಬ್ಬು. ಬಿಸಿಗೆ ಎರಡೂ ಪದರ ಬಿಟ್ಟುಕೊಂಡು ಸೋರುತ್ತದೆ. ಅತ್ಯುಷ್ಣಪ್ರಿಯ ಆರ್ಕಿಯಾಗಳಲ್ಲಿ ಹಲವು ಈಚೆ ಬದಿಯಿಂದ ಆಚೆ ಬದಿಗೆ ಒಂದೇ ಅಣು ಹಾಯುವಂತೆ ಪೊರೆ ನೇಯ್ದುಕೊಂಡಿವೆ. ಎರಡು ಪದರವೇ ಇಲ್ಲದ ಮೇಲೆ ಬಿಟ್ಟುಕೊಳ್ಳುವುದೇನು? ಡಿಎನ್‌ಎಗೆ ರಿವರ್ಸ್ ಗೈರೇಸ್ ಎಂಬ ಕಿಣ್ವ ಹೆಚ್ಚುವರಿ ಹುರಿ ಹಾಕಿಡುತ್ತದೆ. ಅತ್ಯುಷ್ಣಪ್ರಿಯಗಳ ಕುಲಚಿಹ್ನೆಯೆಂದೇ ಅದನ್ನು ಪರಿಗಣಿಸುತ್ತಾರೆ. ಇಷ್ಟಾದರೂ ಒಂದು ಮೇಲ್ಮಿತಿ ಇರಲೇಬೇಕು. ಜೀವಕೋಶದ ಚಿಲ್ಲರೆ ಹಣದಂತಿರುವ ಎಟಿಪಿ ಅಣು 150 ಡಿಗ್ರಿಯ ಸುಮಾರಿನಲ್ಲಿ ಕ್ಷಣಾರ್ಧದಲ್ಲಿ ಒಡೆಯುತ್ತದೆ, ಅದರಾಚೆ ವ್ಯವಹಾರ ನಡೆಯದು ಎಂಬುದು ಹೆಚ್ಚಿನವರ ಅಂದಾಜು.

ಈ ಜೀವಿಗಳು ಏನು ಉಣ್ಣುತ್ತವೆ ಎಂಬ ವಿಚಾರ ಬಂದಾಗ ಹೊಳೆನರಸೀಪುರದ ಕಲ್ಲುಗಳು ಮಾತಿಗೆ ಬರುತ್ತವೆ. ಭೂವಿಜ್ಞಾನದ ಪುಸ್ತಕಗಳಲ್ಲಿ ಹೊಳೆನರಸೀಪುರ ಊರಿಗಿಂತ ಹೆಚ್ಚಾಗಿ ಒಂದು ಶಿಲಾಪಟ್ಟಿಯ ಹೆಸರು. ಅದೂ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪಟ್ಟಿಯೂ ಸರ್ಗೂರು ಗುಂಪೆಂಬ ಅತಿ ಹಳೆಯ ಶಿಲೆಗಳಿಗೆ ಸೇರಿದವು. ಈ ಗುಂಪಿನ ಕೊಮಟಿಐಟ್ ಎಂಬ ಲಾವಾ ಶಿಲೆಗಳ ವಯಸ್ಸು ಸುಮಾರು 335 ಕೋಟಿ ವರ್ಷ. ಪಕ್ಕದ ಗೊರೂರಿನ ನೈಸ್ ಬಂಡೆಗಳದು 330 ಕೋಟಿಯ ಸುಮಾರು. ಕೊಮಟಿಐಟ್ ಹರಿದದ್ದು 1,600 ಡಿಗ್ರಿಯ ಆಸುಪಾಸಿನಲ್ಲಿ. ಈಗಿನ ಯಾವ ಜ್ವಾಲಾಮುಖಿಯೂ ಅಷ್ಟು ಬಿಸಿಯ ಲಾವಾ ಕಾರುವುದಿಲ್ಲ, ಭೂಮಿಯ ಒಡಲು ಅಂದಿನಿಂದ ಅಷ್ಟು ಆರಿದೆ. ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದಲ್ಲಿ ನೆಲದಡಿಯಿಂದ ತೆಗೆದ ಕ್ರೋಮೈಟ್ ಅದಿರೂ ಇಂಥ ಮೆಗ್ನೀಸಿಯಂ ತುಂಬಿದ ಶಿಲೆಗಳ ಒಡಹುಟ್ಟೇ.

ಇಂಥ ಶಿಲೆಗೆ ಬಿಸಿನೀರು ತಗುಲಿದರೆ ಅದರೊಳಗಿನ ಆಲಿವೀನ್ ಖನಿಜ ಹಾವಿನ ಚರ್ಮದಂಥ ಹಸಿರು ಸರ್ಪೆಂಟೀನ್ ಆಗುತ್ತದೆ. ಕಬ್ಬಿಣದಂಶ ನೀರಿನ ಆಮ್ಲಜನಕವನ್ನು ಕಸಿದುಕೊಂಡು ಜಲಜನಕವನ್ನು ಬಿಟ್ಟುಬಿಡುತ್ತದೆ. ಆ ಜಲಜನಕವನ್ನೂ ಇಂಗಾಲದ ಡೈ ಆಕ್ಸೈಡನ್ನೂ ಕೂಡಿಸಿ ಮೀಥೇನ್ ಮಾಡಿಕೊಂಡು ಬದುಕುವುದು ಮೆಥನೋಪೈರಸ್‌ನಂಥವುಗಳ ಕಸುಬು. ಬಿಸಿಲು ಬೇಡ, ಆಮ್ಲಜನಕ ಬೇಡ, ಬೇರೆ ಜೀವಿಯ ಎಂಜಲೂ ಬೇಡ. ಕಲ್ಲು, ನೀರು, ಬಿಸಿ ಸಾಕು. ಅಟ್ಲಾಂಟಿಕ್ ಸಾಗರದಲ್ಲಿ 2000ನೇ ಇಸವಿಯಲ್ಲಿ ಸಿಕ್ಕ ಲಾಸ್ಟ್ ಸಿಟಿ ಎಂಬ ಬಿಳಿ ಗೋಪುರಗಳ ತಾಣದಲ್ಲಿ ಈ ಕೆಲಸ 40ರಿಂದ 90 ಡಿಗ್ರಿಯಲ್ಲಿ ಇಂದಿಗೂ ನಡೆಯುತ್ತಿದೆ. ಭೂಮಿಯ ಮೊದಲ ಜೀವಿಗಳು ಹೀಗೆಯೇ ಬಿಸಿಯಲ್ಲಿ ಹುಟ್ಟಿದವೆಂದು ವಾದಿಸುವವರು ಇದ್ದಾರೆ, ಒಪ್ಪದವರೂ ಇದ್ದಾರೆ. ಆಸ್ಟ್ರೇಲಿಯದ ಪಿಲ್ಬರಾದಲ್ಲಿ 348 ಕೋಟಿ ವರ್ಷ ಹಿಂದಿನ ಬಿಸಿಬುಗ್ಗೆಯ ನಿಕ್ಷೇಪದಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳ ಗುರುತಿದೆ. ಹೊಳೆನರಸೀಪುರದ ಕಲ್ಲುಗಳ ಹಣೆಬರಹ ಬೇರೆ. ಅವು ಆಮೇಲೆ ನೆಲದಾಳಕ್ಕೆ ಇಳಿದು 500 ಡಿಗ್ರಿಗೂ ಹೆಚ್ಚು ಬೆಂದು, ಮೈತುಂಬ ಗಾರ್ನೆಟ್ ಮತ್ತು ಕಯನೈಟ್ ಹರಳು ಕಟ್ಟಿಕೊಂಡವು. ಅಂಥ ಪುಟಪಾಕದ ಮುಂದೆ ಯಾವ ಸೂಕ್ಷ್ಮಜೀವಿಯ ಅಚ್ಚೂ ಉಳಿಯುವಂತಿಲ್ಲ.

ಬುಗ್ಗೆ, ಚಿಮಣಿಗಳ ಜೀವಿಗಳಿಗೆ ಪ್ರಚಾರ ಹೆಚ್ಚು. ಆದರೆ ಉಷ್ಣಪ್ರಿಯ ಬೂಷ್ಟುಗಳ ಅಭ್ಯಾಸ ಮೊದಲಾದದ್ದು ಬ್ರೆಡ್ಡು, ಆಲೂಗಡ್ಡೆ, ಹುಲ್ಲಿನ ಮೆದೆಗಳಿಂದ. ಆಲೂಗಡ್ಡೆಯೆಂದರೆ ಹಾಸನದವರ ಕಿವಿ ನೆಟ್ಟಗಾಗುತ್ತದೆ. 1899ರಲ್ಲಿ ತ್ಸಿಕ್ಲಿನ್‌ಸ್ಕಾಯಾ ಎಂಬ ರಷ್ಯದ ವಿಜ್ಞಾನಿ ಆಲೂಗಡ್ಡೆಯ ತುಂಡಿನ ಮೇಲೆ ತೋಟದ ಮಣ್ಣು ಹಾಕಿ ಬಿಸಿಯಲ್ಲಿಟ್ಟಾಗ ಒಂದು ಬೂಷ್ಟು ಬೆಳೆಯಿತು. ಅದೇ ಥರ್ಮೋಮೈಸಿಸ್ ಲ್ಯಾನುಜಿನೋಸಸ್; 50 ಡಿಗ್ರಿ ಅದಕ್ಕೆ ಪ್ರೀತಿ. ಎಂಟು ವರ್ಷದ ಬಳಿಕ, 1907ರಲ್ಲಿ, ಜರ್ಮನಿಯ ಹ್ಯೂಗೋ ಮೀಹೆ ಹುಲ್ಲು ತಾನಾಗಿ ಕಾಯುವುದೇಕೆಂದು ಒಂದು ಅಚ್ಚುಕಟ್ಟಾದ ಪ್ರಯೋಗ ಮಾಡಿದರು. ಸೂಕ್ಷ್ಮಜೀವಿಗಳೆಲ್ಲ ಸಾಯುವಂತೆ ಬೇಯಿಸಿದ ಒದ್ದೆ ಹುಲ್ಲು ಎಷ್ಟು ದಿನ ಇಟ್ಟರೂ ಕಾಯಲಿಲ್ಲ. ಅದಕ್ಕೆ ಬೂಷ್ಟನ್ನು ಮತ್ತೆ ಹಚ್ಚಿದಾಗ ಕಾಯಿತು. ಕಾವು ಹುಲ್ಲಿನದಲ್ಲ, ಹುಲ್ಲನ್ನು ಉಣ್ಣುವವರದು ಎಂದು ಗೊತ್ತಾಯಿತು.

ಹೇಮಾವತಿ ನಾಲೆಯ ಬಯಲಲ್ಲಿ ಭತ್ತ ಬಡಿದು ಹುಲ್ಲು ಒಟ್ಟುವವರು ಇದನ್ನು ಬೇರೆ ಮಾತಿನಲ್ಲಿ ಬಲ್ಲರು. ಹಸಿ ಆರದೆ ಮೆದೆ ಹಾಕಬೇಡ, ಹುಲ್ಲು ಬೆಂದುಹೋಗುತ್ತದೆ ಎನ್ನುತ್ತಾರೆ. ಅಕಾಲ ಮಳೆಗೆ ಸಿಕ್ಕಿ ಅವಸರದಲ್ಲಿ ಒಟ್ಟಿದ ಮೆದೆಯನ್ನು ಹದಿನೈದು ದಿನ ಬಿಟ್ಟು ಬಿಚ್ಚಿದರೆ ನಡುವಿನ ಹುಲ್ಲು ಕಂದಿ, ಬೂದಿ ಉದುರಿದಂತೆ ಬಿಳಿ ಪುಡಿ ಹಿಡಿದು, ಹಿಂಡಿದರೆ ಪುಡಿಪುಡಿಯಾಗುತ್ತದೆ. ದನ ಮೂಸಿ ಬಿಟ್ಟುಬಿಡುತ್ತದೆ. ಸೂಕ್ಷ್ಮಜೀವಿಗಳು ಮೆದೆಯನ್ನು 70–75 ಡಿಗ್ರಿಯ ತನಕ ಕೊಂಡೊಯ್ದು ತಾವೂ ಅಲ್ಲೇ ಸಾಯುತ್ತವೆ. ಗಾಳಿ, ತೇವ ಕೂಡಿಬಂದರೆ ಅಲ್ಲಿಂದ ಮುಂದೆ ಬರಿ ರಸಾಯನಕ್ರಿಯೆಯೇ ಕಾವನ್ನು ಏರಿಸಿಕೊಂಡು ಹೋಗಿ ಒಳಗಿನಿಂದ ಕಿಡಿ ಹೊತ್ತುವುದೂ ಉಂಟು. ಮೆದೆಗೆ ಬೆಂಕಿ ಬಿದ್ದಾಗ ದಾಯಾದಿಯ ಮೇಲೆ ಬೆರಳು ತೋರಿಸುವ ಮುನ್ನ, ಒಟ್ಟಿದಾಗ ಹುಲ್ಲು ಒಣಗಿತ್ತೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಈ ಬೂಷ್ಟುಗಳ ವಿಚಾರದಲ್ಲಿ ಲೋಕವೇ ತಿರುಗಿ ನೋಡುವ ಕೆಲಸ ಬೆಂಗಳೂರಿನಲ್ಲಿ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಮಹೇಶ್ವರಿ ಉಷ್ಣಪ್ರಿಯ ಶಿಲೀಂಧ್ರಗಳ ಬದುಕನ್ನು ದಶಕಗಳ ಕಾಲ ಅಭ್ಯಾಸ ಮಾಡಿದರು. ಅವರೂ ಸಂಗಡಿಗರೂ 2000ದಲ್ಲಿ ಬರೆದ ಸಮೀಕ್ಷೆ ಇಂದಿಗೂ ಈ ಕ್ಷೇತ್ರಕ್ಕೆ ಕಾಲಿಡುವವರ ಮೊದಲ ಓದು. ಸ್ಪೋರೋಟ್ರೈಕಂ ಥರ್ಮೋಫೈಲ್ ಎಂಬ ಬೂಷ್ಟು ಕಾಗದವನ್ನು ಕರಗಿಸುವ ವೇಗವನ್ನು ಅವರ ಪ್ರಯೋಗಾಲಯ 1987ರಲ್ಲಿ ಅಳೆಯಿತು. ಹೊರಗೆ ಸುರಿಸುವ ಕಿಣ್ವ ಕಡಿಮೆಯಿದ್ದರೂ ನಾರು ಕರಗಿಸುವುದರಲ್ಲಿ ಹೆಸರಾಂತ ಟ್ರೈಕೋಡರ್ಮಾ ಬೂಷ್ಟನ್ನು ಅದು ಹಿಂದೆ ಹಾಕಿತು. 1993ರಲ್ಲಿ ಅವರು ಕೈಗೆತ್ತಿಕೊಂಡ ಪ್ರಶ್ನೆ ಇನ್ನೂ ಸೊಗಸಾದದ್ದು. ಹೊಲದ ಮಣ್ಣನ್ನು ಎಲ್ಲಿ ಕೆದಕಿದರೂ ಈ ಬೂಷ್ಟುಗಳ ಬೀಜಕ ಸಿಗುತ್ತವಲ್ಲ, ಹಾಗಾದರೆ ಅವು ಮಣ್ಣಿನಲ್ಲೇ ಬೆಳೆಯುತ್ತವೆಯೇ? ಇಲ್ಲವೆನ್ನುವ ಕಡೆಗೇ ಪ್ರಯೋಗಗಳು ವಾಲಿದವು. ಮಣ್ಣು ಅವಕ್ಕೆ ಬರಿ ಬಿಡದಿ. ಹುಟ್ಟಿ ಬೆಳೆಯುವುದು ತಾನಾಗಿ ಕಾಯುವ ರಾಶಿಗಳಲ್ಲಿ. ಅಲ್ಲಿಂದ ಬೀಜಕಗಳು ಗಾಳಿಗೆ ಹಾರಿ ಊರೆಲ್ಲ ಹರಡುತ್ತವೆ.

ಅಂದರೆ ಮತ್ತೆ ತಿಪ್ಪೆಗೇ ಬರಬೇಕು. ಹೊಸದಾಗಿ ಸುರಿದ ರಾಶಿಯಲ್ಲಿ ಮೊದಲೆರಡು ದಿನ ಸಾಮಾನ್ಯ ಬ್ಯಾಕ್ಟೀರಿಯಾಗಳು ಸುಲಭದ ಸಕ್ಕರೆ, ಪಿಷ್ಟಗಳನ್ನು ಮುಕ್ಕುತ್ತವೆ. ಊಟದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಸಿಯಾಗಿ ಸೋರುತ್ತದೆ. ರಾಶಿ ಮೂರಡಿ ದಪ್ಪವಾದರೂ ಇದ್ದರೆ ಆ ಬಿಸಿ ಹೊರಗೆ ಹೋಗದೆ ಸಿಕ್ಕಿಕೊಳ್ಳುತ್ತದೆ. ಮೂರನೆಯ ದಿನಕ್ಕೆ 45 ದಾಟುತ್ತಿದ್ದಂತೆ ಮೊದಲ ಪಂಕ್ತಿಯವರು ತಮ್ಮ ಬಿಸಿಗೆ ತಾವೇ ಸಾಯುತ್ತಾರೆ. ಎಲೆ ಎತ್ತಿದ ಮೇಲೆ ಎರಡನೆಯ ಪಂಕ್ತಿ ಕೂರುತ್ತದೆ: ಜಿಯೋಬ್ಯಾಸಿಲಸ್, ಥರ್ಮೋಬಿಫಿಡಾ, ಥರ್ಮೋಆಕ್ಟಿನೋಮೈಸಿಸ್, ಜೊತೆಗೆ ಮೀಹೆಯ ಬೂಷ್ಟುಗಳು. ಹುಲ್ಲಿನ ಗಟ್ಟಿ ನಾರನ್ನು ಮುರಿಯುವುದು ಇವೇ. 60 ದಾಟಿದರೆ ಬೂಷ್ಟು ಹಿಂದೆ ಸರಿಯುತ್ತದೆ, 70ಕ್ಕೆ ಥರ್ಮಸ್‌ನಂಥ ಕೆಲವರಷ್ಟೇ ಉಳಿಯುತ್ತಾರೆ. 55 ಡಿಗ್ರಿ ಮೂರು ದಿನ ನಿಂತರೆ ಕಳೆಯ ಬೀಜ, ಜಂತುವಿನ ಮೊಟ್ಟೆ, ರೋಗದ ಬ್ಯಾಕ್ಟೀರಿಯಾ ಬಹುಪಾಲು ಸತ್ತಿರುತ್ತವೆ. ಕಾವೇರದೆ ಹೋದ ಗೊಬ್ಬರ ಹೊಡೆದ ಹೊಲದಲ್ಲಿ ಕಳೆ ಏಕೆ ಹೆಚ್ಚು ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.

ಈ ಕಾವನ್ನು ಹತೋಟಿಗೆ ತರಲು ಇಪ್ಪತ್ತನೆಯ ಶತಮಾನದಲ್ಲಿ ಎರಡು ಊರಿನ ಹೆಸರಿನ ಪದ್ಧತಿಗಳು ಬಂದವು. ಕೃಷಿವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರ ನಡುವೆ ರೂಪಿಸಿದ ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಮತ್ತೆಮತ್ತೆ ಮಗುಚಿ ಗಾಳಿಯಾಡಿಸಬೇಕು. ಕಾವು ಚೆನ್ನಾಗಿ ನಿಲ್ಲುತ್ತದೆ, ಆಳು ಖರ್ಚೂ ಅಷ್ಟೇ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ 1939ರಲ್ಲಿ ತಂದ ಬೆಂಗಳೂರು ಪದ್ಧತಿ ಇದಕ್ಕೆ ತಿರುವುಮುರುವು. ಗುಂಡಿಯಲ್ಲಿ ಕಸ, ಮಲ ಪದರ ಪದರವಾಗಿ ತುಂಬಿ, ಎಂಟು ಹತ್ತು ದಿನ ಕಾವು ಆಡಿದ ಮೇಲೆ ಮಗುಚುವ ಗೋಜಿಲ್ಲದೆ ಆರೇಳು ತಿಂಗಳು ಗಾಳಿಯಿಲ್ಲದೆ ಕೊಳೆಯಲು ಬಿಡುವುದು. ಪುರಸಭೆಗಳಿಗೆ ಅದು ಒಗ್ಗಿತು. ಹಳ್ಳಿಯ ತಿಪ್ಪೆ ಇವೆರಡರ ನಡುವೆ ಎಲ್ಲೋ ಇದೆ: ದಿನವೂ ಒಂದು ಮಂಕರಿ ಸುರಿಯುವುದರಿಂದ ಕಾವು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಯುತ್ತಿರುತ್ತದೆ.

ಉಷ್ಣಪ್ರಿಯಗಳಿಂದ ಉಪದ್ರವವೂ ಇಲ್ಲದಿಲ್ಲ. ಹಾಲಿನ ಪುಡಿ ಮಾಡುವ ಘಟಕಗಳಲ್ಲಿ 45ರಿಂದ 70 ಡಿಗ್ರಿಯ ಕೊಳವೆಗಳ ಒಳಮೈಗೆ ಜಿಯೋಬ್ಯಾಸಿಲಸ್, ಅನಾಕ್ಸಿಬ್ಯಾಸಿಲಸ್ ಅಂಟಾಗಿ ಹಿಡಿದು ಪುಡಿಗೆ ಬೀಜಕ ಉದುರಿಸುತ್ತವೆ. ಕಬ್ಬಿನ ಬಿಸಿ ಹಾಲಿಗೆ ಸಿಕ್ಕರೆ ಸಕ್ಕರೆಯನ್ನು ಹುಳಿಯಾಗಿಸುತ್ತವೆ. ಚನ್ನರಾಯಪಟ್ಟಣದ ಸುತ್ತ ಕಬ್ಬು ಬೆಳೆಯುವವರಿಗೆ ರಚ್ಚಿನ ರಾಶಿ ಹೊಸದಲ್ಲ. ತೇವದಲ್ಲಿ ಕಾದ ಹಳೆಯ ರಚ್ಚನ್ನು ಕೆದಕಿದಾಗ ಏಳುವ ಬಿಳಿ ಧೂಳಿನಲ್ಲಿ ಥರ್ಮೋಆಕ್ಟಿನೋಮೈಸಿಸ್ ಬೀಜಕ ತುಂಬಿರುತ್ತದೆ. ವರ್ಷಗಟ್ಟಲೆ ಅದನ್ನು ಎಳೆದುಕೊಂಡವರ ಶ್ವಾಸಕೋಶ ಊದಿಕೊಳ್ಳುವ ಕಾಯಿಲೆಗೆ ಬಗಾಸೋಸಿಸ್ ಎಂದೇ ಹೆಸರು. ಬೂಷ್ಟು ಹಿಡಿದ ಹುಲ್ಲಿನಿಂದ ಬರುವ ಇಂಥದೇ ಕಾಯಿಲೆ ರೈತರ ಶ್ವಾಸಕೋಶ ಎಂದು ವೈದ್ಯರ ಪುಸ್ತಕದಲ್ಲಿದೆ. ಬೆಂದ ಮೆದೆ ಬಿಚ್ಚುವಾಗ ಟವೆಲ್ಲನ್ನು ಮೂಗಿಗೆ ಸುತ್ತಿಕೊಳ್ಳುವ ಹಳೆಯ ರೂಢಿಗೆ ಆಧಾರವಿದೆ.

ಅದೇ ಹಟಮಾರಿತನ ಆಸ್ಪತ್ರೆಗೆ ಉಪಕಾರಕ್ಕೂ ಬಂದಿದೆ. ಆಟೋಕ್ಲೇವ್ ಸರಿಯಾಗಿ ಕೆಲಸ ಮಾಡಿತೇ ಎಂದು ನೋಡಲು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಬೀಜಕದ ಪಟ್ಟಿಯನ್ನು ಒಳಗಿಡುತ್ತಾರೆ. ಅದು ಸತ್ತಿದ್ದರೆ ಮಿಕ್ಕ ರೋಗಾಣುಗಳೂ ಸತ್ತಿವೆಯೆಂದು ಲೆಕ್ಕ. ತ್ಸಿಕ್ಲಿನ್‌ಸ್ಕಾಯಾರ ಆಲೂಗಡ್ಡೆ ಬೂಷ್ಟಿನದು ಇನ್ನೂ ದೊಡ್ಡ ಬಡ್ತಿ. ಜಿಡ್ಡು ಕರಗಿಸುವ ಅದರ ಕಿಣ್ವದ ಜೀನನ್ನು ಇನ್ನೊಂದು ಶಿಲೀಂಧ್ರಕ್ಕೆ ಸೇರಿಸಿ ಡೆನ್ಮಾರ್ಕಿನ ನೋವೋ ಕಂಪನಿ 1988ರಲ್ಲಿ ಬಟ್ಟೆ ಸೋಪಿನ ಪುಡಿಗೆಂದು ಮಾರುಕಟ್ಟೆಗೆ ತಂದಿತು. ಅಂಗಿಯ ಕಾಲರಿನ ಎಣ್ಣೆಕಲೆಯನ್ನು ಬಿಡಿಸುವ ಕಿಣ್ವದ ಮೂಲ ಅಲ್ಲಿದೆ.

ಯುಗಾದಿ ಕಳೆದು ಮೊದಲ ಮಳೆಯ ಸೂಚನೆ ಸಿಕ್ಕಾಗ ತಿಪ್ಪೆ ಒಡೆದು ಹೊಲಕ್ಕೆ ಗೊಬ್ಬರ ಹೊಡೆಯುತ್ತಾರೆ. ಹಾರೆ ಈಗ ತಣ್ಣಗೆ ಹೊರಬರುತ್ತದೆ. ಕಪ್ಪಗೆ, ಮಣ್ಣಿನ ವಾಸನೆಯ ಗೊಬ್ಬರದಲ್ಲಿ ಉಷ್ಣಪ್ರಿಯಗಳು ಬೀಜಕವಾಗಿ ಮುದುಡಿವೆ. ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಕೂತು ಹೊಲ ಸೇರುತ್ತವೆ. ಅಲ್ಲಿ ರಾಗಿ ಬೆಳೆಯುತ್ತದೆ, ಅವು ಬೆಳೆಯುವುದಿಲ್ಲ. ಧೂಳಿನ ಜೊತೆ ಹುಲ್ಲಿಗೆ ಅಂಟಿ ಮೆದೆಗೆ, ಮೆದೆಯಿಂದ ಗೊಂತಿಗೆ, ದನ ತಿಂದುಳಿಸಿದ ಹುಲ್ಲಿನೊಡನೆ ಮತ್ತೆ ತಿಪ್ಪೆಗೆ ಬರುತ್ತವೆ. ಸಗಣಿ ಬಿದ್ದ ಮೂರನೆಯ ದಿನ ಅಲ್ಲಿ ಕಾವು ಏರತೊಡಗುತ್ತದೆ.